ಮಗಳನ್ನು ಒಂದು ಸಂಜೆಗೆ ಬಿಟ್ಟುಕೊಡುವಂತೆ ಶೈತ್ಯಯಂತ್ರಕ್ಕೆ ವಿನಂತಿ

ಮಾನ್ಯ ಶೈತ್ಯಯಂತ್ರ ಮಹಾಶಯರೇ,

ಸೊನ್ನೆಗಿಂತ ಇನ್ನೂರ ಎಪ್ಪತ್ತು ಚಿಲ್ಲರೆ ಡಿಗ್ರಿ ಕೆಳಗೆ ತಾವು ಸುಖವಾಗಿದ್ದೀರೆಂದು ನಂಬಿ, ತಮ್ಮ ಕೋಣೆ ಎಂದರೆ ಚಳಿಯೆಂದು ಸ್ವೆಟರ್ ಹಾಕಿಕೊಂಡು ಬಂದು ಬೆವರುತ್ತಿರುವ ಈ ವಿಧುರನು, ಕಾಲೇಜಿನಲ್ಲಿ ಕಲಿಸಿದಂತೆ, 'ಐ ಬೆಗ್ ಟು ಸ್ಟೇಟ್' ಎಂದು ಅರಿಕೆ ಮಾಡಿಕೊಳ್ಳುತ್ತಿದ್ದಾನೆ. ಅದರ ಮುಂದಿನ ಇಂಗ್ಲಿಷು ಮರೆತಿದೆ. ತಮ್ಮ ಪಂಪಿನ ಗದ್ದಲದಲ್ಲಿ ಖಾಸಗಿ ಮಾತು ಕೇಳಿಸದಾದ್ದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಮಗಳು ಐದು ವರ್ಷದಿಂದ ತಮ್ಮ ಹೊಟ್ಟೆಯೊಳಗೆ ಕೂದಲಿಗಿಂತ ತೆಳುವಾದ ಹಾಳೆಯೊಂದನ್ನಿಟ್ಟು, ಅಲ್ಲಿ ಎಲೆಕ್ಟ್ರಾನುಗಳು ಚಳಿಗೆ ಹೇಗೆ ಜೋಡಿಯಾಗಿ ಓಡಾಡುತ್ತವೆಂದು ನೋಡುತ್ತಿದ್ದಾಳೆ. ತಪ್ಪಿದ್ದರೆ ತಿದ್ದಿ, ಅವಳನ್ನು ನನಗಿಂತ ಚೆನ್ನಾಗಿ ಬಲ್ಲವರು ತಾವೇ. ಡಾಕ್ಟರೇಟ್ ಆಗಿದೆ. ಸ್ವಂತ ಪ್ರಯೋಗಾಲಯ ಕಟ್ಟಬೇಕೆಂಬುದು ಅವಳ ಆಸೆ. ಅದಕ್ಕೆ ನಾಳೆ ಇಂಟರ್‌ವ್ಯೂ. ಅಲ್ಲಿ ತೋರಿಸಬೇಕಾದ ಗ್ರಾಫನ್ನು ತಾವು ಇಂದು ಮುಗಿಸಿಕೊಡಬೇಕು, ಬೆಚ್ಚಗಾದರೆ ಕೆಟ್ಟಿತು. ಇನ್ನು ಅರ್ಜಿಯಲ್ಲಿ ಕೇಳುವ 'ಔಟ್‌ಸೈಡ್ ಇಂಟರೆಸ್ಟ್': ಅವಳು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಫೈನಲ್ಲೂ ಇಂದೇ.

ತಮ್ಮ ಸೂಕ್ಷ್ಮ ಮನಸ್ಸನ್ನು ಎಷ್ಟು ಹೊಗಳಿದರೂ ಸಾಲದು. ಕಳೆದ ಪಂದ್ಯದ ದಿನ ಅವಳು ಬೂಟಿನ ಲೇಸು ಕಟ್ಟುತ್ತಿದ್ದಂತೆ ತಾವು ಬೆಚ್ಚಗಾದ ಸುದ್ದಿ ಬಂತು. "ಅಪ್ಪಾ, ಅದು ಮುನಿಸ್ಕೊಂಡಿದೆ!" ಎಂದು ಆಟ ಬಿಟ್ಟು ಇಲ್ಲಿಗೇ ಓಡಿದಳು. ಅದೇ ವಾರ ನಾನೂ ಮುನಿಸಿಕೊಂಡಿದ್ದೆ. ಅವಳಿಗೆ ಇನ್ನೂ ಗೊತ್ತಿಲ್ಲ. ತಾವು ಅನುಸರಿಸುವ ವಿಧಾನವನ್ನು ದಯವಿಟ್ಟು ತಿಳಿಸಬೇಕು.

ಆದ್ದರಿಂದ ಇಂದು ಕಾವಲಿಗೆ ನಾನು. "ಈ ಟೆಂಪರೇಚರ್ ನಂಬರ್ ನೋಡ್ತಾ ಇರು. ಏರಿದ್ರೆ ಕೋಚ್‌ಗೆ ಫೋನ್ ಮಾಡು, ಬಂದ್ಬಿಡ್ತೀನಿ. ಏನೂ ಮುಟ್ಬೇಡಪ್ಪಾ, ನಿನ್ನ ದಮ್ಮಯ್ಯ."

"ಆಟ ನಡೀತಿದ್ರೂ?"

"ಆಟ ನಡೀತಿದ್ರೂ!"

ಮೊದಲರ್ಧ ತಾವು ಸಭ್ಯರಾಗಿಯೇ ಇದ್ದಿರಿ. ಎರಡನೆಯ ಅರ್ಧ ಶುರುವಾಯಿತೋ ಇಲ್ಲವೋ, ನಂಬರು ಏರತೊಡಗಿತು. ಫೋನು ನನ್ನ ಕೈಯಲ್ಲಿದೆ, ಮಾಡಿಲ್ಲ. ಮಾಡಿದರೆ ಗೋಲನ್ನು ಬಯಲಿಗೆ ಬಿಟ್ಟು ಬರುತ್ತಾಳೆ, ಮಾಡದಿದ್ದರೆ ಸಿಗುವ ಕೆಲಸ ತಪ್ಪೀತು. ಆದಕಾರಣ ಮಹಾಶಯರೇ, ಆಟ ಮುಗಿಯುವವರೆಗೆ ಹೇಗಾದರೂ ಬಿಗಿಹಿಡಿದುಕೊಂಡಿರಿ. ಭಯಕ್ಕೆ ನನ್ನ ಅಂಗೈ ಮಂಜಾಗಿದೆ, ಬೇಕಿದ್ದರೆ ಉಪಯೋಗಿಸಿಕೊಳ್ಳಿ. ನಮ್ಮ ಮನೆಯ ಹಳೇ ಫ್ರಿಜ್ಜನ್ನು ತಮಗೆ ತರಬೇತಿ ಕೊಡಲು ಕಳಿಸಬಲ್ಲೆ; ನನ್ನ ಹೆಂಡತಿ ಹೋದ ಮೇಲೂ ಅದು ಒಂದು ದಿನ ಹಟ ಮಾಡಿಲ್ಲ.

ಬೇರೆ ಗತಿಯಿಲ್ಲದೆ,
ತಮ್ಮ ವಿಶ್ವಾಸಿ,
ಗೋಲ್‌ಕೀಪರಿನ ತಂದೆ

ಆಮೇಲಿನ ಮಾತು: ಗೆದ್ದರು, ಕೊನೆಯ ಪೆನಾಲ್ಟಿ ಹಿಡಿದಳಂತೆ. ಕೆಸರು ಮೊಣಕಾಲಲ್ಲೇ ಬಂದು "ಏನೂ ಆಗ್ಲಿಲ್ವಲ್ಲ?" ಎಂದಳು. "ಏನೂ ಇಲ್ಲಮ್ಮ" ಎಂದೆ. ಅಷ್ಟರಲ್ಲಿ ತಾವು ಗ್ರಾಫಿನ ನಡುವೆ ಒಂದು ಉಬ್ಬು ಎಳೆದು ಚಾಡಿ ಹೇಳಿಯಾಗಿತ್ತು. ನನ್ನನ್ನೊಮ್ಮೆ, ಉಬ್ಬನ್ನೊಮ್ಮೆ ನೋಡಿ, ಯಾವುದೋ ತಿರುಪು ತಿರುಗಿಸಿ ತಮ್ಮನ್ನು ತಣ್ಣಗೆ ಮಾಡಿದಳು. ಆ ಭಾಗ ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿದೆಯಂತೆ. "ನಾಳೆ ಈ ಉಬ್ಬೇನು ಅಂತ ಕೇಳಿದ್ರೆ?" ಎಂದೆ. "ನಮ್ಮಪ್ಪ ಅಂತೀನಿ," ಎಂದಳು. ಐದು ವರ್ಷ ಸೇವೆ ಮಾಡಿಸಿಕೊಂಡ ತಮ್ಮನ್ನು ಅವಳು ಇವತ್ತಿಗೂ 'ಅದು' ಎಂದೇ ಕರೆಯುವುದು, ಗಮನದಲ್ಲಿರಲಿ.