ಐತಪ್ಪನ ಪಕ್ಷಾಂತರ

ದೇವರು ನನಗೆ ಕಂಠ ಕೊಡಲು ಹೊರಟ ದಿನ ಅವನ ಅಂಗಡಿಯಲ್ಲಿ ಹೊಸ ಸರಕು ಮುಗಿದಿತ್ತೆಂದು ಕಾಣುತ್ತದೆ. ಊರಿನವರ ಗಂಟಲುಗಳಿಂದ ಚೂರು ಚೂರು ಕತ್ತರಿಸಿ, ಜೋಡಿಸಿ, ಇಷ್ಟರಲ್ಲೇ ಸುಧಾರಿಸಿಕೋ ಎಂದು ಕಳುಹಿಸಿಬಿಟ್ಟಿದ್ದಾನೆ. ನಾನು ಬಾಯಿ ತೆರೆದರೆ ಮೊದಲು ಹಂಚಿನ ಕಾರ್ಖಾನೆಯ ನಮ್ಮ ಹೆಡ್ ಕ್ಲಾರ್ಕರು ಹೊರಬರುತ್ತಾರೆ, ಅವರ ಬೆನ್ನಿಗೆ ನಮ್ಮ ದೊಡ್ಡಮ್ಮ, ಆಮೇಲೆ ಕೋರ್ಟಿನ ಅಮೀನ, ಕೊನೆಗೆ ಬಂಗುಡೆ ಮಾರುವ ಗಿರಿಜಕ್ಕ. ನನ್ನದೇ ಧ್ವನಿ ಯಾವುದೆಂಬುದರಲ್ಲಿ ಹೆತ್ತವಳಿಗೂ ಸಂಶಯ. ಒಮ್ಮೆ ಹೊರಗಿನಿಂದ "ಅಮ್ಮಾ, ಬಾಗಿಲು ತೆಗಿ" ಎಂದರೆ, "ನೀನು ಯಾರ ಹಾಗೆ ಕೂಗ್ತಾ ಇದ್ದೀ ಅಂತ ಮೊದಲು ಹೇಳು" ಎಂದು ಒಳಗಿನಿಂದಲೇ ಕೇಳಿದಳು. ಈ ವಿದ್ಯೆಯಿಂದ ನನಗೆ ಇದುವರೆಗೆ ಬಂದದ್ದು ಕೆಲವು ಕಪ್ ಬಿಟ್ಟಿ ಕಾಫಿ. ಹೋದದ್ದು ನಮ್ಮ ಸೈಕಲ್ ಸಂಘದ ಅತ್ಯುತ್ತಮ ಎರಡು ಕಾಲುಗಳು. ಆ ಕಾಲುಗಳ ಒಡೆಯನ ಹೆಸರು ಐತಪ್ಪ.

ಸಂಘದ ವಿಷಯ ಸ್ವಲ್ಪ ಹೇಳಬೇಕು. ಮಂಗಳೂರಿನ ಬಿಜೈಯಲ್ಲಿ ಮುಂಡಪ್ಪ ಶೆಟ್ಟರದ್ದೊಂದು ಬಾಡಿಗೆ ಸೈಕಲ್ಲಿನ ಅಂಗಡಿ. ಖಾದಿ ಟೊಪ್ಪಿ ಹಾಕಿಕೊಂಡ ದಿನವೇ ಅವರಿಗೆ ಸ್ವದೇಶೀ ಸೈಕಲ್ ಸಂಘವೊಂದನ್ನು ಕಟ್ಟಬೇಕೆಂದು ತೋರಿತು. ಸಂಘಕ್ಕೆ ಮೂರು ಸೈಕಲ್, ಮೂವರು ಸವಾರರು, ಒಂದು ನಿಯಮ: ಸವಾರ ಊರಿನವನೇ ಆಗಬೇಕು. ಮೂರು ಸೈಕಲ್ಲುಗಳೂ ಇಂಗ್ಲೆಂಡಿನಲ್ಲಿ ಹುಟ್ಟಿದವು, ಗಾಳಿ ಹಾಕುವ ಪಂಪೂ ಅಲ್ಲಿಯದ್ದೇ. "ಒಳಗಿನ ಗಾಳಿ ಮಾತ್ರ ಬಿಜೈಯದ್ದು ಶೆಟ್ರೇ" ಎಂದು ನಾನು ಅವರದೇ ಮೂಗಿನ ಧ್ವನಿಯಲ್ಲಿ ಹೇಳಿದ್ದಕ್ಕೆ ಅವರು ಸ್ಪ್ಯಾನರ್ ಎತ್ತಿಕೊಂಡದ್ದುಂಟು. ಆದರೆ ಮರುದಿನವೇ ನನ್ನನ್ನು ಸಂಘದ ಕಾರ್ಯದರ್ಶಿ ಮಾಡಿದರು. ಎದುರಾಳಿಗಳ ಬಾಯಿ ಮುಚ್ಚಿಸಲು ಒಂದು ಬಾಯಿ ಬೇಕಲ್ಲ, ಅದಕ್ಕೆ.

ಎದುರಾಳಿಗಳೆಂದರೆ ಬಂದರಿನ ಬದಿಯ ಕಾಫಿ ಕಾರ್ಖಾನೆಯ ಕ್ಲಬ್ಬಿನವರು. ಅವರ ಕಾರ್ಯದರ್ಶಿ ಪಿಂಟೋ ಪೊರ್ಬುಗಳು (ಕ್ರಿಸ್ತುವರನ್ನು ನಮ್ಮ ಕಡೆ ಪೊರ್ಬುಗಳೆನ್ನುವುದು ಮರ್ಯಾದೆ), ದೊರೆಗಳ ಆಫೀಸಿನಲ್ಲಿ ದೊಡ್ಡ ಗುಮಾಸ್ತರು. ಮಾತಿಗೆ ಮೊದಲು ಒಂದು ಗಂಭೀರವಾದ "ಖ್ಹುಂ", ಆಮೇಲೆ "ಲುಕ್ ಹಿಯರ್", ಆಮೇಲೆ ವಿಷಯ. ಅವರಿಗೆ ನಿಯಮಗಿಯಮ ಇಲ್ಲ. ಹಿಂದಿನ ವರ್ಷ ಮದರಾಸಿನಿಂದ ರತ್ನಂ ಎಂಬವನನ್ನು ರೈಲಿನಲ್ಲಿ ತರಿಸಿ, ದಿನಕ್ಕೆ ನಾಲ್ಕು ಮೊಟ್ಟೆ, ಒಂದು ಸೇರು ಹಾಲು ಹಾಕಿ ಸಾಕಿದರು. ಹೊಸ ವರ್ಷದ ಬಿಸು ಹಬ್ಬದ ಬೆಳಿಗ್ಗೆ ನಡೆಯುವ ಪಂದ್ಯ ಹತ್ತಿರ ಬಂದ ಹಾಗೆ ಎರಡು ಕಡೆಯವರೂ ಪರಸ್ಪರರ ಸವಾರರನ್ನು ಕಣ್ಣಿನಲ್ಲೇ ಅಳೆಯುತ್ತಿದ್ದರು. ಒಂದು ಜೊತೆ ಕ್ಯಾನ್ವಾಸ್ ಬೂಟಿಗೆ ಸಂಘ ಬದಲಿಸಿದವರಿದ್ದಾರೆ. ನಮ್ಮ ಶೆಟ್ಟರಿಗೆ ಬೂಟು ಕೊಡಿಸುವ ತಾಕತ್ತಿರಲಿಲ್ಲ. ದೇಶಾಭಿಮಾನ ಕೊಡುತ್ತಿದ್ದರು. ಅದು ಕಾಲಿಗೆ ಹಾಕಿಕೊಳ್ಳಲು ಬರುವುದಿಲ್ಲವೆಂಬುದೇ ತೊಂದರೆ.

ಇಷ್ಟಾದರೂ ಐತಪ್ಪ ನಮ್ಮಲ್ಲಿಯೇ ಇದ್ದ. ಅವನು ಬಿಜೈಯ ಬೇಕರಿಯ ರೊಟ್ಟಿ ಹಂಚುವವನು. ಬೆಳಿಗ್ಗೆ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ದೇರೆಬೈಲಿನ ಏರು ಹತ್ತಿ, ಮನೆಮನೆಗೆ ಕೊಟ್ಟು, ರೊಟ್ಟಿ ತಣಿಯುವ ಮೊದಲೇ ಕೊನೆಯ ಮನೆ ಮುಟ್ಟುತ್ತಿದ್ದ. ಗದ್ದೆಯ ಬೇಲಿಯ ದಣಪೆಗಳು ಅಡ್ಡ ಬಂದರೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ದಾಟುತ್ತಿದ್ದ. ಅಂಥವನಿಗೆ ಇದ್ದದ್ದು ಒಂದೇ ಚಿಂತೆ. ಅವನು ಒಪ್ಪಿದ ಹುಡುಗಿಯ ಅಪ್ಪ, "ಎರಡು ಚಕ್ರದ ಮೇಲೆ ನಿಂತ ಸಂಸಾರಕ್ಕೆ ಮಗಳನ್ನು ಕೊಡುವುದಿಲ್ಲ, ಎಂತಾದರೂ ಕಾಯಂ ಕೆಲಸ ಉಂಟಾದರೆ ಬಾ" ಎಂದಿದ್ದರು. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ ಕೆಲಸ ಕೇಳಿ.

ಬಿಸುವಿಗೆ ಮೂರು ವಾರ ಮೊದಲು, ಒಂದು ಭಾನುವಾರ ಬೆಳಿಗ್ಗೆ ಬಿಜೈಯ ಕಾಫಿ ಹೊಟೇಲಿನಲ್ಲಿ ಕುಳಿತಿದ್ದೆ. ಅಲ್ಲಿ ಮೇಜುಗಳ ನಡುವೆ ಬಿದಿರಿನ ತಟ್ಟಿಯ ಮರೆ. ಮರೆಯ ಆಚೆ ಐತಪ್ಪ ಬಂದು ಕೂತದ್ದು ಅವನು ಕಾಫಿ ಹೀರಿದ ಸದ್ದಿನಿಂದಲೇ ಗೊತ್ತಾಯಿತು. ನನ್ನ ಗಂಟಲು ತುರಿಸಿತು. "ಖ್ಹುಂ. ಲುಕ್ ಹಿಯರ್" ಎಂದು ಶುರುಮಾಡಿದೆ. "ಈ ಬಿಜೈಯವರಲ್ಲಿ ಆ ರೊಟ್ಟಿಯ ಐತಪ್ಪ ಉಂಟಲ್ಲ, ಅವನು ನಮ್ಮಲ್ಲಿಗೆ ಬರುವುದಾದರೆ ಬೂಟು ಕೊಡ್ತೇನೆ, ದಿನಕ್ಕೆ ಎರಡು ಮೊಟ್ಟೆ ಕೊಡ್ತೇನೆ, ಗೋದಾಮಿನಲ್ಲಿ ಕಾಯಂ ಕೆಲಸವನ್ನೇ ಕೊಡ್ತೇನೆ. ಆದರೆ ಕೇಳುವುದು ಯಾರು ಮಾರಾಯ?" ಆಚೆಯ ಹೀರುವ ಸದ್ದು ನಿಂತಿತು. ಈಗ ಎದ್ದು ಬಂದು ನನ್ನನ್ನು ನೋಡಿ ಬಯ್ಯುತ್ತಾನೆ, ಇಬ್ಬರೂ ನಗುತ್ತೇವೆ ಎಂದು ಕಾದೆ. ಅವನು ಎದ್ದ. ಆದರೆ ನನ್ನ ಕಡೆಗೆ ಬರಲಿಲ್ಲ, ನೇರವಾಗಿ ಬೀದಿಗೆ ಇಳಿದು ಹೋದ.

ಎರಡು ದಿನ ಬಿಟ್ಟು ನಮ್ಮ ಅಂಗಡಿಗೆ ಬಂದವನ ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು. ಶೆಟ್ಟರ ಕಾಲು ಮುಟ್ಟಿ, "ನಾನು ಕಾಫಿ ಕ್ಲಬ್ಬಿಗೆ ಹೋಗ್ತೇನೆ ಶೆಟ್ರೇ, ನಿಮ್ಮ ಆಶೀರ್ವಾದ ಬೇಕು" ಎಂದ. ಪಿಂಟೋ ಪೊರ್ಬುಗಳ ಬಳಿ ಹೋಗಿ, ನೀವು ಹೇಳಿದ್ದನ್ನು ಕಿವಿಯಾರೆ ಕೇಳಿದೆ, ಒಪ್ಪಿಗೆ ಉಂಟು ಎಂದನಂತೆ. ಅವರು ಮೊದಲು ಕಣ್ಣು ಕಣ್ಣು ಬಿಟ್ಟು, "ನಾನು ಹೇಳಿದ್ದಾ?" ಎಂದರಂತೆ. ಪಕ್ಕದ ಕುರ್ಚಿಯಲ್ಲಿ ದೊರೆ ಕೂತಿದ್ದ. ದೊರೆಯ ಎದುರಿಗೆ ತನ್ನ ಮಾತನ್ನು ತಾನೇ ಮರೆತವರ ಹಾಗೆ ಕಾಣುವುದು ಹೇಗೆ? "ಖ್ಹುಂ, ನಾನು ಹೇಳಿದ್ದೆಂದರೆ ಹೇಳಿದ್ದೇ" ಎಂದುಬಿಟ್ಟರು. ದೊರೆ ಮಾತ್ರ ಒಂದು ಷರತ್ತು ಸೇರಿಸಿದನಂತೆ: ಪಂದ್ಯ ಗೆದ್ದರೆ ಕೆಲಸ ಕಾಯಂ, ಸೋತರೆ ಬೂಟು ಬಿಚ್ಚಿಟ್ಟು ಮನೆಗೆ. ಬೇಕರಿಯವರು ಅಷ್ಟರಲ್ಲಿ ಅವನ ಬುಟ್ಟಿಯನ್ನು ಬೇರೆಯವನಿಗೆ ಕೊಟ್ಟೂ ಆಗಿತ್ತು.

ಇವನ ಬದುಕು ಈಗ ನನ್ನ ಒಂದು ತಮಾಷೆಯ ಮೇಲೆ ನಿಂತಿತ್ತು. ಅಂದು ಎಲ್ಲ ಕೇಳಿಸಿಕೊಂಡಿದ್ದ ಹೊಟೇಲಿನ ಭಟ್ಟರೋ, ಗುಟ್ಟು ಉಳಿಸುವವರಲ್ಲ. ಸಂಜೆಯೊಳಗೆ ಶೆಟ್ಟರಿಗೆ ಎಲ್ಲ ಮುಟ್ಟಿತು. ಬೈಯುತ್ತಾರೆಂದುಕೊಂಡೆ. ಅವರು ಟೊಪ್ಪಿ ತೆಗೆದು ತಲೆ ಒರೆಸಿಕೊಂಡು ಮೆಲ್ಲಗೆ, "ಸಂಜೀವಾ, ನಿನ್ನ ಬಾಯಿಂದ ಹೋದದ್ದನ್ನು ನಿನ್ನ ಕಾಲಿಂದಲೇ ತುಂಬಿಸು. ಮೂರನೆಯ ಸವಾರ ನೀನೇ" ಎಂದರು.

"ಶೆಟ್ರೇ, ನನಗೆ ಸವಾರಿ ಬರುವುದಿಲ್ಲ. ಬೇರೆಯವರು ಸವಾರಿ ಮಾಡುವ ಹಾಗೆ ಮಾಡಿ ತೋರಿಸಲು ಬರ್ತದೆ ಅಷ್ಟೆ."

"ಹಾಗಾದರೆ ಐತಪ್ಪನ ಹಾಗೆ ಮಾಡಿ ತೋರಿಸು."

ಮಾಡಿ ನೋಡಿದೆ. ಐತಪ್ಪನ ಹಾಗೆ ಬೆನ್ನು ಬಗ್ಗಿಸುವುದು, ಮೂಗಿನಲ್ಲಿ ಉಸಿರು ಬಿಡುವುದು, ಏರಿನಲ್ಲಿ ನಾಲಿಗೆ ಕಚ್ಚುವುದು, ಎಲ್ಲ ಯಥಾವತ್ತು ಬಂತು. ಸೈಕಲ್ ಮುಂದೆ ಹೋಗುವುದೊಂದು ಬಾರದೆ ಉಳಿಯಿತು. ದೇರೆಬೈಲಿನ ಏರಿನಲ್ಲಿ ನನ್ನನ್ನು ಒಂದು ಎತ್ತಿನ ಗಾಡಿ ಹಿಂದೆ ಹಾಕಿತು. ಗಾಡಿಯವನು ನಿದ್ದೆ ಮಾಡುತ್ತಿದ್ದ.

ಆದರೆ ಶೆಟ್ಟರ ತಲೆ ಬೇರೆಯೇ ಲೆಕ್ಕ ಹಾಕಿತ್ತು. ಪಂದ್ಯ ಬಿಜೈಯಿಂದ ದೇರೆಬೈಲ್ ಹಾದು ಪಣಂಬೂರಿನ ಕಡಲ ಕರೆಗೆ, ಒಂದೊಂದು ಕಡೆಯಿಂದ ಮೂವರು ಸವಾರರು. ನಡುವೆ ಕೂಳೂರಿನ ಹೊಳೆ. ಹೊಳೆಗೆ ಸೇತುವೆ ಇಲ್ಲ, ಅದ್ದು ಬ್ಯಾರಿಯ ಕಡವಿನ ದೋಣಿ. ಅದ್ದು ಬ್ಯಾರಿಗೆ ಪಂದ್ಯವೂ ಒಂದೇ, ಮದುವೆ ದಿಬ್ಬಣವೂ ಒಂದೇ: ಆರು ತಲೆ ಆಗದೆ ಅವನು ದೋಣಿ ದೂಡುವ ಜಲ್ಲ ಹಿಡಿಯುವವನಲ್ಲ. ಹಿಂದಿನ ವರ್ಷ ಕಾಫಿ ಕ್ಲಬ್ಬಿನವರು ಇಡೀ ದೋಣಿಯನ್ನೇ ಗೊತ್ತು ಮಾಡಿ ರತ್ನಂ ಒಬ್ಬನನ್ನೇ ದಾಟಿಸಿದ್ದರು. ಈ ವರ್ಷ ಅವರ ಕೈಯಲ್ಲಿದ್ದ ದುಡ್ಡು ಐತಪ್ಪನ ಬೂಟಿಗೂ ರತ್ನಂನ ಮೊಟ್ಟೆಗೂ ಮುಗಿದಿತ್ತು. ಬಿಸುವಿನ ಬೆಳಿಗ್ಗೆ ಹಬ್ಬದ ಅಡಿಗೆ ಬಿಟ್ಟು ಹೊಳೆ ದಾಟುವವರು ಬೇರೆ ಯಾರೂ ಇರುವುದಿಲ್ಲ. ಆದ್ದರಿಂದ ಎಲ್ಲರಿಗಿಂತ ಮುಂದೆ ಬಂದವನೂ ಎಲ್ಲರಿಗಿಂತ ಹಿಂದೆ ಬರುವವನಿಗಾಗಿ ಕಾಯಲೇಬೇಕು. "ನೀನು ಮೆಲ್ಲಗೆ ಬಾ" ಎಂದರು ಶೆಟ್ಟರು. "ಅಷ್ಟರಲ್ಲಿ ಐತಪ್ಪನ ಕಾಲು ತಣಿದು ಮರಗಟ್ಟುತ್ತದೆ, ನಮ್ಮ ಲೋಕಯ್ಯ ಉಸಿರು ಸುಧಾರಿಸಿಕೊಳ್ತಾನೆ." ಲೋಕಯ್ಯನೆಂದರೆ ನಮ್ಮ ಇನ್ನೊಬ್ಬ ಸವಾರ, ದರ್ಜಿ. ಹೊಲಿಗೆ ಯಂತ್ರ ತುಳಿದು ತುಳಿದು ಕಾಲು ಗಟ್ಟಿ, ಉಸಿರು ಗಿಡ್ಡ.

ನನ್ನ ನಿಧಾನಕ್ಕೆ ಜೀವಮಾನದಲ್ಲಿ ಮೊದಲ ಸಲ ಬೆಲೆ ಬಂದಿತ್ತು. ಆದರೆ ಹೊರಡುವ ಹೊತ್ತಿಗೆ ಐತಪ್ಪ ನನ್ನ ಹತ್ತಿರ ಬಂದು, "ಸಂಜೀವಣ್ಣ, ಹುಡುಗಿಯ ಅಪ್ಪ ಪಣಂಬೂರಿಗೆ ಬಂದು ನಿಲ್ತಾರಂತೆ" ಎಂದ. ಅಷ್ಟೇ ಹೇಳಿದ್ದು. ನನಗೆ ದಾರಿಯುದ್ದಕ್ಕೂ ಸಂಕಟ. ಮೆಲ್ಲಗೆ ಹೋದರೆ ಇವನ ಅನ್ನಕ್ಕೆ ಎರಡನೆಯ ಸಲ ಕಲ್ಲು ಹಾಕಿದ ಹಾಗೆ, ಜೋರಾಗಿ ಹೋದರೆ ಶೆಟ್ಟರಿಗೆ ದ್ರೋಹ. ದೇರೆಬೈಲಿನ ಏರಿನ ಬುಡದಲ್ಲಿ ನಿರ್ಧಾರ ಮಾಡಿದೆ: ಶೆಟ್ಟರು ಬೈದರೆ ಬೈಯಲಿ, ಜೋರಾಗಿಯೇ ಹೋಗುವುದು. ಹಲ್ಲು ಕಚ್ಚಿ ತುಳಿದೆ. ಎರಡು ಸಲ ಬಿದ್ದೆ, ಒಂದು ಸಲ ಚೈನು ಬಿತ್ತು. ಧರ್ಮಸಂಕಟವನ್ನು ನನ್ನ ಕಾಲುಗಳು ತಾವೇ ಬಗೆಹರಿಸಿದವು. ನನ್ನ ಜೋರೂ ಶೆಟ್ಟರು ಹೇಳಿದ ನಿಧಾನವೂ ಒಂದೇ ಎಂದು ಕೂಳೂರು ಮುಟ್ಟುವಾಗ ತಿಳಿಯಿತು.

ಕಡವಿನಲ್ಲಿ ಐದು ಮಂದಿ ಐದು ಸೈಕಲ್ ಹಿಡಿದು, ದಿಬ್ಬಣಕ್ಕೆ ಕಾಯುವವರ ಹಾಗೆ ನಿಂತು ದಾರಿ ನೋಡುತ್ತಿದ್ದರು. ನನ್ನನ್ನು ಕಂಡೊಡನೆ ಎದುರಾಳಿಗಳು ಕೂಡ, "ಬಾ ಮಾರಾಯ, ಬಾ! ತುಳಿ! ಭೇಷ್!" ಎಂದು ಕೂಗಿದರು. ರತ್ನಂ ತಮಿಳಿನಲ್ಲಿ ಏನೋ ಅಂದ, ಅದು ಭೇಷ್ ಆಗಿರಲಿಲ್ಲ. ಅದ್ದು ಬ್ಯಾರಿ ಬೀಡಿ ಎಸೆದು, "ಆರನೆಯ ತಲೆ ಬಂತು. ತಲೆ ಅಂತ ಲೆಕ್ಕಕ್ಕೆ ಮಾತ್ರ" ಎಂದು ದೋಣಿ ಬಿಟ್ಟ.

ನಡುಹೊಳೆಯಲ್ಲಿ ನಾನು ಐತಪ್ಪನ ಪಕ್ಕ ಕುಸಿದು ಕೂತೆ. "ಐತಪ್ಪ, ಒಂದು ವಿಷಯ ಹೇಳ್ತೇನೆ, ನನ್ನನ್ನು ನೀರಿಗೆ ದೂಡಬೇಡ. ಆವತ್ತು ಹೊಟೇಲಿನಲ್ಲಿ ಮಾತಾಡಿದ್ದು ಪಿಂಟೋ ಪೊರ್ಬು ಅಲ್ಲ, ನಾನು" ಎಂದೆ.

ಅವನು ಬೂಟಿನ ದಾರ ಕಟ್ಟುತ್ತಾ, "ಗೊತ್ತುಂಟು" ಎಂದ.

"ಎಂತ ಗೊತ್ತುಂಟು?"

"ಭಾನುವಾರ ಬೆಳಿಗ್ಗೆ ಪಿಂಟೋ ಪೊರ್ಬು ಇಗರ್ಜಿಯ ಪೂಜೆ ಬಿಟ್ಟು ಬಿಜೈಗೆ ಬಂದು ಗೋಳಿಬಜೆ ತಿಂತಾರಾ ಸಂಜೀವಣ್ಣ? ಬಾಯಲ್ಲಿ ಬಜೆ ಇಟ್ಟುಕೊಂಡೇ ಲುಕ್ ಹಿಯರ್ ಅಂದಿದ್ದಿ."

"ಮತ್ತೆ ಯಾಕೆ ಹೋದೆ ಮಾರಾಯ?"

"ನೀನೇ ಹೇಳಿದೆಯಲ್ಲ, ಕೇಳುವುದು ಯಾರು ಅಂತ. ಹೌದಲ್ಲ, ನಾನೇ ಯಾಕೆ ಕೇಳಬಾರದು ಅಂತ ಕಂಡಿತು. ಅವರು ನಂಬದೆ ಇದ್ದಾಗ, ನೀನು ಹೇಳಿದ್ದನ್ನು ಹಾಗೆಯೇ, ಖ್ಹುಂ ಸಮೇತ, ಹೇಳಿ ತೋರಿಸಿದೆ. ಹೌದು, ಇದು ನನ್ನದೇ ಮಾತು ಅಂತ ಒಪ್ಪಿಕೊಂಡರು."

ಆ ಹೊಳೆಯ ನಡುವೆ ನನ್ನ ಕಲಾಜೀವನದ ಒಟ್ಟು ಬೆಲೆ ನನಗೆ ತಿಳಿಯಿತು. ನನ್ನ ಪಿಂಟೋ ಧ್ವನಿಗೆ ಮೋಸಹೋದವರು ಇಡೀ ಮಂಗಳೂರಿನಲ್ಲಿ ಒಬ್ಬರೇ, ಸ್ವತಃ ಪಿಂಟೋ. ಅದೂ ನನ್ನ ಬಾಯಿಂದ ಅಲ್ಲ.

ಆಚೆ ದಡದಲ್ಲಿ ಆರು ಮಂದಿಯೂ ಒಟ್ಟಿಗೆ ಇಳಿದೆವು. ಐತಪ್ಪನ ಕಾಲು ನಿಜವಾಗಿಯೂ ಮರಗಟ್ಟಿತ್ತು. ಮೊದಲ ಮೈಲಿನಲ್ಲಿ ರತ್ನಂ ಮುಂದೆ, ಲೋಕಯ್ಯ ಅವನ ಬೆನ್ನಿಗೆ, ಐತಪ್ಪ ಕುಂಟಿದ ಹಾಗೆ ಮೂರನೆಯವನು. ಇವನ ಬೂಟು ಹೋಯಿತು, ಹುಡುಗಿಯೂ ಹೋದಳು ಎಂದು ನಾನು ಹಿಂದಿನಿಂದ ನೋಡುತ್ತಿದ್ದೆ. ಹಿಂದಿನಿಂದ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಆದರೆ ಪಣಂಬೂರಿನ ಹತ್ತಿರ ದಾರಿ ಮುಗಿದು ಹೊಯಿಗೆ, ಕಡಲ ಕರೆಯ ಮರಳು, ಶುರುವಾಗುತ್ತದೆ. ರತ್ನಂನ ಚಕ್ರ ಹೊಯಿಗೆಯಲ್ಲಿ ಹೂತು, ಅವನು ಜಾರಿ, ಎದ್ದು, ಮತ್ತೆ ಹತ್ತಿ, ಮತ್ತೆ ಹೂತ. ಅವನಿಗೆ ಸೈಕಲ್ಲೆಂದರೆ ಕೂರುವ ವಸ್ತು. ಐತಪ್ಪನಿಗೆ ಹಾಗಲ್ಲ. ಅವನು ಇಳಿದು, ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು, ದೇರೆಬೈಲಿನ ಯಾವುದೋ ಮನೆಗೆ ರೊಟ್ಟಿ ತಡವಾಯಿತೆಂಬಂತೆ ಓಡಿದ. ಅವನನ್ನು ನೋಡಿ ಲೋಕಯ್ಯನೂ ಹೆಗಲಿಗೇರಿಸಿದ. ಸವಾರ ಸೈಕಲ್ ಸಮೇತ ಮುಟ್ಟಬೇಕೆಂದು ನಿಯಮ. ಯಾರು ಯಾರ ಮೇಲೆ ಇರಬೇಕೆಂದು ಯಾರೂ ಬರೆದಿರಲಿಲ್ಲ. ಐತಪ್ಪ ಮೊದಲು, ಲೋಕಯ್ಯ ಎರಡನೆಯವನು, ರತ್ನಂ ಹೊಯಿಗೆ ಉಗುಳುತ್ತಾ ಮೂರನೆಯವನು. ನಾನು ಮುಟ್ಟುವಾಗ ಹುಡುಗಿಯ ಅಪ್ಪ ಐತಪ್ಪನ ಬೆನ್ನು ತಟ್ಟಿ ಮುಗಿಸಿ, ಬೂಟನ್ನು ಬಗ್ಗಿ ಮುಟ್ಟಿ ನೋಡುತ್ತಿದ್ದರು.

ಶೆಟ್ಟರು ಅಳುತ್ತಾರೆಂದುಕೊಂಡಿದ್ದೆ. ಹಿಂದಿನ ಸಂಜೆಯೇ ಹೊಳೆ ದಾಟಿ ಬಂದು ಕಾದಿದ್ದ ಅವರು, ಪಿಂಟೋ ಪೊರ್ಬುಗಳ ಎದುರಿಗೆ ಎದೆಯುಬ್ಬಿಸಿ, "ಒಂದನೆಯವನೂ ನಮ್ಮವನೇ, ಎರಡನೆಯವನೂ ನಮ್ಮವನೇ. ಹೊರಗಿನಿಂದ ತರಿಸುವ ರೈಲು ಚಾರ್ಜಿನಲ್ಲಿ ಇಂಥ ನಾಲ್ಕು ಮಂದಿಯನ್ನು ತಯಾರು ಮಾಡ್ತೇನೆ, ನೋಡಿ ಬೇಕಾದರೆ" ಎಂದರು. ಪಿಂಟೋ ಪೊರ್ಬುಗಳೂ ಆಲೋಚನೆಗೆ ಬಿದ್ದವರು, ಮುಂದಿನ ವಾರ ರತ್ನಂಗೆ ಮಾಲೆ ಹಾಕಿ ರೈಲು ಹತ್ತಿಸಿದರು. ಐತಪ್ಪ ಗೋದಾಮಿನಲ್ಲಿ ಕಾಯಂ ಆದ. ಶೆಟ್ಟರ ಸಂಘದಿಂದ ಹೋದವನಿಗೆ ಕಾಫಿ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆಂದು ಊರಿಡೀ ಸುದ್ದಿ. ಈಗ ಬೆಳಿಗ್ಗೆ ಅಂಗಡಿಯ ಮುಂದೆ ಹೊಸ ಸವಾರರ ಸಾಲು: ಹಾಲಿನವನು, ಟಪಾಲಿನವನು, ಗಿರಿಜಕ್ಕನ ತಮ್ಮ. ಸೈಕಲ್ ಮೂರೇ, ಆದ್ದರಿಂದ ಸರದಿ. ಶೆಟ್ಟರು ಬಾಯಲ್ಲಿ ಬೈಯುತ್ತಾ ಒಳಗೊಳಗೆ ಹಿಗ್ಗುತ್ತಾರೆ. ಮುಂದಿನ ಬಿಸುವಿಗೆ ಇವರಲ್ಲಿ ಇನ್ನೊಬ್ಬ ಬೇರೆ ಕ್ಲಬ್ಬಿಗೆ ಹಾರಿದರೂ ಅವರಿಗೆ ಬೇಸರವಿಲ್ಲ. ಹಿಂದೆ ಸಾಲು ಉಂಟಲ್ಲ.

ಬರುವವರೆಲ್ಲ ಮೊದಲು ಶೆಟ್ಟರಿಗೆ ನಮಸ್ಕಾರ ಮಾಡಿ, ಆಮೇಲೆ ನನ್ನನ್ನು ಮೂಲೆಗೆ ಕರೆದು, "ನನ್ನ ಹೆಸರನ್ನೂ ಒಂದು ಸಲ ಆ ಧ್ವನಿಯಲ್ಲಿ ಹೇಳಿ ಸಂಜೀವಣ್ಣ, ನಾವು ಕಲಿತುಕೊಳ್ತೇವೆ" ಎನ್ನುತ್ತಾರೆ. ಹೇಳಿಕೊಡುತ್ತೇನೆ. ನನ್ನನ್ನು ಮಾತ್ರ ಇದುವರೆಗೆ ಯಾವ ಕ್ಲಬ್ಬಿನವರೂ ಕೇಳಿಲ್ಲ. ಒಂದೊಂದು ಸಂಜೆ ಅಂಗಡಿಯಲ್ಲಿ ಯಾರೂ ಇಲ್ಲದಾಗ, "ಖ್ಹುಂ, ಲುಕ್ ಹಿಯರ್, ಆ ಸಂಜೀವ ಉಂಟಲ್ಲ, ಅವನು ನಮಗೆ ಬೇಕೇ ಬೇಕು" ಎಂದು ಹೇಳಿ ನೋಡುತ್ತೇನೆ. ಕೇಳಲು ಬಹಳ ಚೆನ್ನಾಗಿದೆ, ಪಿಂಟೋ ಪೊರ್ಬುಗಳೇ ನಿಂತು ಹೇಳಿದ ಹಾಗಿದೆ. ಆದರೆ ಹೇಳುವವನು ಎಂಥ ಸುಳ್ಳ ಎಂಬುದು ನನಗೆ ಚೆನ್ನಾಗಿ ಗೊತ್ತಿರುವುದರಿಂದ ಇನ್ನೂ ಒಪ್ಪಿಕೊಂಡಿಲ್ಲ.