ಮೇಲಿನ ಸಂಪಾದನೆ

ಸಮಾಜ ಮೇಷ್ಟ್ರು ಕೆಂಪು ಪೆನ್ನಿನಲ್ಲಿ 'ಬಹಳ ಚೆನ್ನಾಗಿದೆ, ಹೀಗೇ ಮುಂದುವರಿಯಲಿ' ಎಂದು ಬರೆದು ಸಹಿ ಹಾಕಿದ ಮೇಲೆ ಆ ಸಾಲನ್ನು ಓದಿದರು. ಮೊದಲೇ ಓದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ದುಡ್ಡಿನ ಶಿಸ್ತು ಕಲಿಸಬೇಕೆಂದು ಹೆಡ್‌ಮೇಡಂ ವಾರಕ್ಕೊಂದು ಹೊಸ ಪೀರಿಯಡ್ ಇಟ್ಟು ಅದನ್ನು ಮೇಷ್ಟ್ರ ತಲೆಗೆ ಕಟ್ಟಿದ್ದರು. ಸಂಬಳ ಬಂದ ದಿನವೇ ಹೆಂಡತಿಯ ಕೈಗೆ ಕೊಟ್ಟು, ದಿನಾ ಬಸ್ ಚಾರ್ಜು ಈಸಿಕೊಂಡು ಬರುವ ಮನುಷ್ಯ ಅವರು. ಆದರೂ ಹುಮ್ಮಸ್ಸಿನಲ್ಲಿ, "ನಿಮ್ಮನೆ ನಿಜವಾದ ವರಮಾನ, ನಿಜವಾದ ಖರ್ಚು ಬರ್ಕೊಂಡ್ ಬನ್ನಿ. ಏನಾದ್ರೂ ಮುಚ್ಚಿಟ್ರೆ ಸೊನ್ನೆ!" ಎಂದು ಗದರಿಸಿದ್ದರು. ಮಕ್ಕಳು ಮುಚ್ಚಿಡಲಿಲ್ಲ.

ಒಬ್ಬ ಹುಡುಗಿಯ ಪುಸ್ತಕದ ಆ ಪುಟದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಹೀಗಿತ್ತು: ಅಪ್ಪನ ಸಂಬಳ ಐವತ್ತೆಂಟು ಸಾವಿರ. ಅಮ್ಮನ ಹೊಲಿಗೆ ಆರು ಸಾವಿರ. ಮೇಲಿನ ಸಂಪಾದನೆ ಹದಿನೈದು ಸಾವಿರ.

ಅಪ್ಪ ಪೊಲೀಸ್ ಇನ್ಸ್‌ಪೆಕ್ಟರು.

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಆ ಇನ್ಸ್‌ಪೆಕ್ಟರು ಒಮ್ಮೆ ಶಾಲೆಯಲ್ಲಿ ಭಾಷಣ ಮಾಡಿದಾಗ ಸದಾ ಕಿರುಚುವ ಮೈಕು ಕೂಡ ಬಾಯಿ ಮುಚ್ಚಿಕೊಂಡಿತ್ತು. ಪಕ್ಕದ ಕುರ್ಚಿಯಲ್ಲಿದ್ದ ವಿಜ್ಞಾನದ ಮೇಡಂ ಬಗ್ಗಿ ನೋಡಿದವರೇ ಪುಸ್ತಕ ಕಸಿದುಕೊಂಡರು.

"ಅಯ್ಯೋ, ಲಂಚದ ದುಡ್ಡಿಗೆ 'ಹೀಗೇ ಮುಂದುವರಿಯಲಿ' ಅಂತ ಬರೆದಿದೀರಲ್ಲ! ಕೆಳಗೆ ಸಹಿ ಬೇರೆ!"

"ಮೆಲ್ಲಗೆ ಮೇಡಂ, ಮೆಲ್ಲಗೆ..."

ಮೆಲ್ಲಗೆ ಎಂದದ್ದು ಡ್ರಿಲ್ ಮಾಸ್ತರರಿಗೆ ಕೇಳಿಸಿತು. ಅವರೂ ಬಂದು ಓದಿದರು. "ಮನೇಲಿ ಗುಟ್ಟಾಗಿದ್ದುದನ್ನ ಮಗು ಕೈಲಿ ಬರೆಸಿದ್ದು ಯಾರು ಅಂತ ಅವರು ಹುಡುಕದೆ ಬಿಡ್ತಾರಾ? ಹರಿದು ಬಿಸಾಕಿ ಮೇಷ್ಟ್ರೇ."

"ಮಗು ಪುಸ್ತಕ ಹರೀಬಹುದಾ?"

"ಪುಸ್ತಕ ಬೇಕೋ, ನೀವು ಬೇಕೋ?"

ಮೇಷ್ಟ್ರಿಗೆ ತಾವೇ ಬೇಕಾಗಿತ್ತು. ಹರಿದರು. ಹರಿದದ್ದು ಕಸದ ಬುಟ್ಟಿಯಲ್ಲಿ ಸಿಕ್ಕಿಬಿದ್ದರೆ? ಚೂರುಚೂರು ಮಾಡಿ ಕಕ್ಕಸಿಗೆ ಹಾಕಿ ನೀರು ಬಿಟ್ಟರು. ಚೂರುಗಳೆಲ್ಲ ಹೋದವು, ಒಂದು ಮಾತ್ರ ಗಿರಗಿರನೆ ಸುತ್ತಿ ಮತ್ತೆ ಮೇಲೆ ಬಂತು. ಅದರ ಮೇಲೆ ಅವರದೇ ಸಹಿ. ನಾಲ್ಕು ಸಲ ನೀರು ಬಿಟ್ಟ ಮೇಲೆ ಅದು ಮುಳುಗಿತು. ಅಷ್ಟರಲ್ಲಿ ಹೊರಗಿನಿಂದ ಜವಾನ ಬಾಗಿಲು ತಟ್ಟಿದ.

"ಸಾರ್, ಒಳಗಿದೀರಾ? ಇನ್ಸ್‌ಪೆಕ್ಟರ್ ಫೋನ್ ಮಾಡಿದ್ರು. ಮೂರೂವರೆಗೆ ಬರ್ತಾರಂತೆ. ಮಗಳ ಪುಸ್ತಕ ತೆಗೆದಿಡ್ಬೇಕಂತೆ. ನಿಮ್ಮನ್ನೇ ನೋಡ್ಬೇಕಂತೆ."

ಮೇಷ್ಟ್ರು ಇನ್ನೊಮ್ಮೆ ನೀರು ಬಿಟ್ಟರು. ಊಟದ ಡಬ್ಬಿ ತೆರೆಯಲಿಲ್ಲ. ಮಧ್ಯಾಹ್ನದ ಪಾಠದಲ್ಲಿ ಉಳಿತಾಯದ ಬದಲು ಮೂರು ಸಲ 'ಜಾಮೀನು' ಎಂದು ಹೇಳಿ ಮಕ್ಕಳನ್ನು ನಗಿಸಿದರು. ಮೂರೂಕಾಲಿಗೇ ಅಂಗಳದಲ್ಲಿ ಜೀಪು ನಿಂತಾಗ ಡ್ರಿಲ್ ಮಾಸ್ತರರಿಗೆ ವಾಲಿಬಾಲ್ ನೆಟ್ಟು ಹೊಲಿಯುವ ತುರ್ತು ಬಂತು. ವಿಜ್ಞಾನದ ಮೇಡಂ ಪ್ರಯೋಗಶಾಲೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು.

ಸ್ಟಾಫ್ ರೂಮಿನಲ್ಲಿ ಇನ್ಸ್‌ಪೆಕ್ಟರು, ಪಕ್ಕದಲ್ಲಿ ಮಗಳು, ಎದುರಿಗೆ ಮೇಷ್ಟ್ರು. ಇನ್ಸ್‌ಪೆಕ್ಟರು ಪುಸ್ತಕವನ್ನು ನಿಧಾನವಾಗಿ ತಿರುವಿದರು. ಹರಿದ ಅಂಚಿನ ಮೇಲೆ ಬೆರಳು ನಿಂತಿತು.

"ಇಲ್ಲೊಂದು ಪುಟ ಇತ್ತಲ್ಲ?"

"ಇತ್ತು ಸಾರ್. ಬಹಳ... ಬಹಳ ಚೆನ್ನಾಗಿತ್ತು. ಮಾದರಿ ಅಂತ ತೆಗೆದಿಟ್ಟಿದೀನಿ." ಎಂದರು ಮೇಷ್ಟ್ರು.

ಹುಡುಗಿ ಕುಣಿದಳು. "ನೋಡಿದ್ಯಾ ಅಪ್ಪಾ! ಬಾಡಿಗೇನೂ ಸೇರಿಸಿ ಬರೆದಿದ್ದು ಒಳ್ಳೇದಾಯ್ತು."

"ಯಾವ ಬಾಡಿಗೆ ಮರಿ?" ಎಂದರು ಮೇಷ್ಟ್ರು.

"ಮೇಲಿಂದು ಸಾರ್. ನಮ್ಮನೆ ಮಹಡಿ ಮೇಲೆ ನರ್ಸ್ ಆಂಟಿ ಇದಾರಲ್ಲ, ಅವರು ಕೊಡೋದು."

ಬೆಳಗಿನಿಂದ ಬಿಗಿಹಿಡಿದಿದ್ದ ಉಸಿರೆಲ್ಲ ಒಟ್ಟಿಗೆ ಹೊರಬಿದ್ದು ಮೇಷ್ಟ್ರು ಗಟ್ಟಿಯಾಗಿ ನಕ್ಕುಬಿಟ್ಟರು. ಇನ್ಸ್‌ಪೆಕ್ಟರು ನಗಲಿಲ್ಲ. ಮಗಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು.

"ನೀವು ಏನು ಅಂದ್ಕೊಂಡಿದ್ರಿ ಅಂತ ಗೊತ್ತು ಮೇಷ್ಟ್ರೇ."

"ಇಲ್ಲ ಸಾರ್, ದೇವರಾಣೆ..."

"ಆಣೆ ಬೇಡ. ನಾನೂ ಮನೇಲಿ ಓದಿದಾಗ ಒಂದ್ ಕ್ಷಣ ಹೆದರಿದೆ." ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಹದಿನೆಂಟು ವರ್ಷದಿಂದ ವಿಚಾರಣೆ ಮಾಡ್ತಿದೀನಿ. ಇಷ್ಟು ಸಲೀಸಾಗಿ ಒಂದು ಮನೆ ಗುಟ್ಟು ಹೊರಗೆ ಬಂದದ್ದು ನೋಡಿಲ್ಲ. ಹೊಡೆತ ಇಲ್ಲ, ಬೈಗಳ ಇಲ್ಲ, ಬರೀ ವರಮಾನ, ಖರ್ಚು ಅಂತ ಎರಡು ಕಾಲಂ! ನೀವೇ ಮಾದರಿ ಅಂತ ಒಪ್ಕೊಂಡಿದೀರಿ. ನಾಳೆಯಿಂದ ನಮ್ಮ ಸ್ಟೇಷನ್ನಿಗೆ ಬಂದು ಈ ಪಾಠ ಮಾಡಿ."

"ಸ್ಟೇಷನ್ನಿಗಾ?"

"ಮೂವತ್ತೆರಡು ಜನ ಪೇದೆಗಳಿದಾರೆ. ಹೊಸ ಬೈಕು, ಹೊಸ ಫ್ರಿಜ್ಜು, ಕೈಗೆಲ್ಲ ಉಂಗುರ. ಸಂಬಳ ಎಷ್ಟು ಅಂತ ನನಗೆ ಗೊತ್ತಿಲ್ವಾ? ಅವರ ಮನೆ ಮೇಲಂತೂ ಬಾಡಿಗೆಯವರಿಲ್ಲ, ಬರೀ ಆಕಾಶ. ನೀವು ನಗ್ತಾ ನಗ್ತಾ ಬರೆಸಿ, ಪುಸ್ತಕ ನನಗೆ ತಂದ್ಕೊಡಿ. ಹಾಂ, ನಾನು ಹೇಳಿದ್ದು ಅಂತ ಯಾರಿಗೂ ಗೊತ್ತಾಗ್ಬಾರ್ದು. ಏನಾದ್ರೂ ಆದ್ರೆ ಅದು ನಿಮ್ಮದೇ ಆಲೋಚನೆ."

ಆಗುವುದಿಲ್ಲ ಎನ್ನಲು ಬಾಯಿ ತೆರೆದ ಮೇಷ್ಟ್ರು "ಆಗ್ಲಿ ಸಾರ್" ಎಂದರು.

"ಹೆಡ್‌ಮೇಡಂ ಹತ್ರ ನಾನೇ ಮಾತಾಡ್ತೀನಿ. ಪಾಪ, ಬೆವೆತುಹೋಗಿದೀರಿ. ನಮ್ಮ ಜೀಪಲ್ಲೇ ಮನೆಗೆ ಹೋಗಿ."

ಮೇಷ್ಟ್ರು ಹೊರಗೆ ಬಂದರು. ಸ್ಟಾಫ್ ರೂಮಿನ ತೆರೆದ ಕಿಟಕಿಯ ಕೆಳಗೇ ಜೀಪು ನಿಂತಿತ್ತು. ಮೀಸೆಯ ಪೇದೆಯೊಬ್ಬ ಕೆಳಗಿಳಿದು, ಎರಡು ಉಂಗುರದ ಕೈಯಿಂದ ಬಹಳ ವಿನಯವಾಗಿ ಬಾಗಿಲು ತೆರೆದ.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ," ಎಂದ. "ಮನೆ ಎಲ್ಲಿ ಬರುತ್ತೆ ನಿಮ್ದು? ಯಾರ್ ಯಾರು ಇರ್ತೀರಿ ಮನೇಲಿ?"