ರೆಪ್ಪೆ ಬಡಿಯದೆ ಎರಡು ಕ್ಷಣ

ನಮ್ಮ ಕೋಣೆಗೆ ಕಣ್ಣು ತೋರಿಸಲು ಬಂದವರು ಏನಾದರೊಂದು ಮಾಡದೆ ಹೋದ ದಿನ ನನಗೆ ನೆನಪಿಲ್ಲ. ಶಿಗ್ಗಾಂವಿಯ ಕಣ್ಣಿನ ಆಸ್ಪತ್ರೆಯೊಂದರಲ್ಲಿ ನನ್ನದು ಫೋಟೋ ತೆಗೆಯುವ ಕೆಲಸ. ಮುಖದ್ದಲ್ಲ, ಕಣ್ಣಿನ ಮುಂದಿರುವ ಗಾಜಿನಂಥ ಕಾರ್ನಿಯಾದ ಒಳಮೈಗೆ ಅಂಟಿಕೊಂಡ ಜೀವಕೋಶಗಳದ್ದು. ಇರುವುದೇ ಒಂದು ಪದರ. ಒಳಗಿನ ನೀರು ಸೇರಿ ಕಾರ್ನಿಯಾ ಮಬ್ಬಾಗದಂತೆ ಕಾಯುವುದು ಅವೇ. ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅದಕ್ಕೇ ಪೊರೆಯ ಆಪರೇಷನ್ನಿಗೆ ಮೊದಲು ಎಷ್ಟು ಉಳಿದಿವೆ ಎಂದು ನೋಡುತ್ತೇವೆ. ಗದ್ದ ಇಟ್ಟು, ಹಣೆಯನ್ನು ಪಟ್ಟಿಗೆ ಹಚ್ಚಿ, ಎರಡು ಕ್ಷಣ ಮಿಸುಕದೆ, ರೆಪ್ಪೆ ಬಡಿಯದೆ ಕೂತರೆ ಆಯಿತು. ಹೇಳಲು ಇಷ್ಟೇ.

ಹಣೆ ಹಚ್ಚಿದವರು

ಹಾನಗಲ್ಲಿನಿಂದ ಬಂದ ಹಿರಿಯರೊಬ್ಬರು ಹಣೆ ಪಟ್ಟಿಗೆ ತಾಗಿದ ಕೂಡಲೇ ಕಣ್ಣು ಮುಚ್ಚಿ ಕೈಮುಗಿದರು. ಹಣೆ ಎಲ್ಲಿ ತಾಗಿದರೂ ಕಣ್ಣು ಮುಚ್ಚುವುದು ಅವರಿಗೆ ಚಿಕ್ಕಂದಿನಿಂದ ಬಂದ ರೂಢಿ.

"ಯಜಮಾನ್ರ, ಇದು ದೇವರಲ್ರಿ, ಮಷಿನ್ ಐತಿ. ಕಣ್ಣ ತೆರೀರಿ" ಎಂದೆ.

"ಗೊತ್ತೈತ್ರಿ" ಎಂದು ಮತ್ತೆ ಹಣೆ ಹಚ್ಚಿದರು, ಮತ್ತೆ ಮುಚ್ಚಿದರು. ನಾಲ್ಕನೆಯ ಸಲಕ್ಕೆ ಚಿತ್ರ ಸಿಕ್ಕಿತು. ಹೊರಗೆ ನರ್ಸ್ ಅವರ ಕಣ್ಣಿಗೆ ಔಷಧಿ ಬಿಡಲು ಹನಿಬಾಟಲಿ ತೆಗೆದರೆ, ಯಜಮಾನರು ತೀರ್ಥಕ್ಕೆ ಚಾಚುವಂತೆ ಅಂಗೈ ಚಾಚಿದರು.

ಜ್ವಾಕಿಯ ಮಾತು

ಹಿರೇಕೆರೂರಿನಿಂದ ಗಂಡನ ಜೊತೆ ಬಂದಿದ್ದ ಹೆಣ್ಣುಮಗಳೊಬ್ಬರು ಪರದೆಯ ಮೇಲೆ ತಮ್ಮ ಕಣ್ಣಿನ ಚಿತ್ರ ನೋಡಿ, "ಜೇನಗೂಡ ಇದ್ದಂಗ ಐತಲ್ರಿ" ಎಂದರು.

"ಹೌದ್ರಿ ಅಕ್ಕಾರ. ಹೋದ್ರ ಮತ್ತ ಹುಟ್ಟೂದಿಲ್ಲ, ಜ್ವಾಕಿ" ಎಂದೆ.

ಅವರು ಗಂಡನ ಕಡೆ ತಿರುಗಿದರು. "ಕೇಳಿದ್ರಿಲ್ಲ? ಇನ್ನ ಮ್ಯಾಲೆ ನನ್ನ ಅಳಿಸಬ್ಯಾಡ್ರಿ. ಖರ್ಚಾಗಿ ಹೋಗ್ತಾವು."

ಅತ್ತರೆ ಈ ಕೋಶಗಳಿಗೆ ಏನೂ ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಗಂಡ ಗಂಭೀರವಾಗಿ ತಲೆ ಆಡಿಸುತ್ತಿದ್ದ. ಮುಂದಿನವರನ್ನು ಕರೆದೆ.

ಎದ್ದು ನಿಂತ ಚಾಚಾ

ಸವಣೂರಿನಲ್ಲಿ ಖಾರ, ಅಂದರೆ ಕುರುಕು ತಿಂಡಿ, ಕರಿದು ಮಾರುವ ಚಾಚಾ ಬಂದ ದಿನ ಮಾತ್ರ ನನಗೆ ನಗುವ ಮನಸ್ಸಿರಲಿಲ್ಲ. ಅವರ ಬಲಗಣ್ಣು ಇದೇ ಕೋಶಗಳು ತೀರಿಹೋಗಿ ಎಂದೋ ಬೆಳ್ಳಗಾಗಿತ್ತು. ಎಡಗಣ್ಣಿಗೆ ಪೊರೆ ಬಲಿತಿತ್ತು.

"ಎಣ್ಣಿ ಕಾದದ್ದು ಕಾಣವಲ್ದು. ಮನ್ಯಾಗ ಬಾಣಲಿ ಹತ್ರ ಬಿಡವಲ್ರು. ಹುಡುಗ ಇದ್ದಾಗಿಂದ ನಿಂತ ಜಾಗಾರೀ ಅದು" ಎಂದರು.

ಎಡಗಣ್ಣಿನಲ್ಲೂ ಕೋಶ ಕಡಿಮೆ ಇದ್ದರೆ ಆಪರೇಷನ್ನಿನಿಂದ ಇರುವ ಒಂದು ಕಣ್ಣೂ ಕೆಡಬಹುದಿತ್ತು. ಮಷಿನ್ ಹೊಂದಿಸುವಾಗ ನನಗೇ ಹೆದರಿಕೆಯಾಯಿತು.

ಇನ್ನೇನು ಚಿತ್ರ ಸಿಗಬೇಕು, ನಾವೆಲ್ಲ ಬಾಯಾರು ಎಂದು ಕರೆಯುವ ಲೇಡಿ ಡಾಕ್ಟರ್ "ಆತೇನ್ರಿ?" ಎನ್ನುತ್ತ ಒಳಗೆ ಬಂದರು. ಚಾಚಾ ಥಟ್ಟನೆ ಎದ್ದು ನಿಂತು ಸಲಾಂ ಮಾಡಿದರು. ಕೂರಿಸಿ ಮತ್ತೆ ಗದ್ದ ಇಡಿಸಿದೆ. ಬಾಯಾರು "ಅಳ್ಳಾಡಬ್ಯಾಡ್ರಿ" ಎಂದದ್ದೇ ತಡ, ಮತ್ತೆ ಎದ್ದರು.

"ದೊಡ್ಡವ್ರು ನಿಂತಾರ, ನಾ ಹೆಂಗ ಕುಂದರ್ಲಿ?"

ಕೊನೆಗೆ ಬಾಯಾರು "ನಾ ಹೋಗ್ತೇನಿ" ಎಂದು ಒಳಗಿನಿಂದಲೇ ಸದ್ದಾಗುವಂತೆ ಬಾಗಿಲು ಹಾಕಿ, ಚಪ್ಪಲಿ ಕೈಯಲ್ಲಿ ಹಿಡಿದು ಬಂದು ನನ್ನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತರು.

ಚಿತ್ರ ಬಂತು. ಕೋಶಗಳು ಒತ್ತೊತ್ತಾಗಿದ್ದವು, ಆಪರೇಷನ್ನಿಗೆ ಧೈರ್ಯ ಮಾಡುವಷ್ಟು. ಬಾಯಾರು ಮಾತಾಡಿದರೆ ಚಾಚಾ ಎದ್ದಾರೆಂದು ಸುಮ್ಮನೆ ನನ್ನ ಭುಜ ತಟ್ಟಿದರು. ನನ್ನ ಕಣ್ಣು ತುಂಬಿತು.

ಆಪರೇಷನ್ ಆಗಿ ಒಂದು ತಿಂಗಳಿಗೆ ಚಾಚಾ ತಾವೇ ಕರಿದ ಖಾರದ ಪೊಟ್ಟಣ ಹಿಡಿದು ಮರುಪರೀಕ್ಷೆಗೆ ಬಂದರು. ಅಷ್ಟರಲ್ಲಿ ಬಾಯಾರು ಒಳಗೆ ಬಂದರು. ಚಾಚಾ ಅವರನ್ನು ಒಮ್ಮೆ ಮೇಲಿಂದ ಕೆಳಗಿನವರೆಗೆ ನೋಡಿದರು. ಕೂತಲ್ಲಿಂದ ಅಲುಗಲಿಲ್ಲ.

ಬಾಯಾರು ಹೋದ ಮೇಲೆ ಕೇಳಿದೆ: "ಚಾಚಾ, ಇವತ್ತ ಏಳಲಿಲ್ಲಲ್ರಿ?"

"ಅವಾಗ ಬರೇ ದನಿ ಕೇಳ್ತಿತ್ರಿ, ಯಾರೋ ದೊಡ್ಡವ್ರು ಅನ್ಕೊಂಡಿದ್ದೆ" ಎಂದರು. "ಈಗ ಕಾಣ್ತೈತಲ್ಲ. ನನ್ನ ಮೊಮ್ಮಗಳಕಿಂತ ಸಣ್ಣಾಕಿ ಅದಾಳ."